ಮಳೆ ಅಂತ ಶಟರ್ ಎಳೆದು ಕೂತರೆ ಜ್ವರ ಹರಡದೆ ಇನ್ನೇನು?

ಸಂಪಾದಕರಿಗೆ ನಮಸ್ಕಾರ.

ಪ್ರತಿ ಮಳೆಗಾಲಕ್ಕೂ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ಶೀತ, ಕೆಮ್ಮು, ಜ್ವರ ಜಾಸ್ತಿ ಆಗಿದೆ, ಆಸ್ಪತ್ರೆಗಳ ಮುಂದೆ ಸಾಲು ಇದೆ, ಜನ ಎಚ್ಚರ ವಹಿಸಬೇಕು. ಪಕ್ಕದಲ್ಲಿ ಚೀಟಿ ಹಿಡಿದು ನಿಂತವರ ಫೋಟೋ. ಅಷ್ಟೇ. ಎಚ್ಚರ ಅಂದರೆ ಏನು, ಎಲ್ಲಿ, ಹೇಗೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೆ ಇದು ಎಲ್ಲರಿಗೂ ಬೇಕಾದ ವಿಷಯ, ದಯವಿಟ್ಟು ಜಾಗ ಕೊಡಿ.

ನಾನು ಶಿವಮೊಗ್ಗದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಮನೆ ಆಯನೂರಿನ ಕಡೆ. ಬೆಳಿಗ್ಗೆ ಒಂದು ಬಸ್ಸು, ರಾತ್ರಿ ಒಂದು ಬಸ್ಸು. ಆಷಾಢ ಬಂತೆಂದರೆ ನಮ್ಮ ಕೌಂಟರ್ ಮುಂದೆ ನಿಂತವರ ಮಾತೆಲ್ಲ ಒಂದೇ ಥರ. "ಮನೇಲಿ ಎಲ್ಲರಿಗೂ ಹಿಡಿದಿದೆ ಮೇಡಂ, ಮೊದಲು ಮಗನಿಗೆ ಬಂತು, ಆಮೇಲೆ ಇವರಿಗೆ, ಈಗ ಅತ್ತೆ ಮಲಗಿದಾರೆ." ಹೇಗೆ ಬಂತು ಅಂತ ಕೇಳಿದರೆ ಅದಕ್ಕೂ ಒಂದೇ ಉತ್ತರ. "ಮಳೇಲಿ ನೆನೆದಿದ್ದ ಅಲ್ವಾ, ಅದಕ್ಕೇ."

ನೆನೆದರೆ ಮೈ ನಡುಗುತ್ತದೆ, ಸುಸ್ತಾಗುತ್ತದೆ, ನಿಜ. ಆದರೆ ಈ ಜ್ವರ ಬರುವುದಕ್ಕೆ ವೈರಸ್ ಒಳಗೆ ಹೋಗಲೇಬೇಕು. ಅದು ಮಳೆಹನಿಯಲ್ಲಿ ಬರುವುದಿಲ್ಲ. ಇನ್ನೊಬ್ಬರ ಉಸಿರು, ಎಂಜಲು, ಸಿಂಬಳದಿಂದ ಬರುತ್ತದೆ. ಮಳೆ ಮಾಡುವುದು ಬೇರೆ ಕೆಲಸ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆ ನಮ್ಮದು. ತಿಂಗಳುಗಟ್ಟಲೆ ಕಿಟಕಿ, ಬಾಗಿಲು ಹಾಕಿಕೊಂಡು, ಒಬ್ಬರಿಗೊಬ್ಬರು ಒತ್ತಿಕೊಂಡು, ಒಂದೇ ಗಾಳಿ ಕುಡಿಯುತ್ತಾ ಕೂರುತ್ತೇವೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏಳುತ್ತದೆ. ಜನವರಿಯಿಂದ ಮಾರ್ಚ್ ನಡುವೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ಎರಡನೆಯದು ನಮಗೆ ಯಾಕೆ ಇಷ್ಟು ಜೋರು ಅನ್ನುವುದು ಯಾವುದಾದರೂ ಖಾಸಗಿ ಬಸ್ಸು ಹತ್ತಿದರೆ ಗೊತ್ತಾಗುತ್ತದೆ.

ಜುಲೈ ತಿಂಗಳ ಒಂದು ಬೆಳಗಿನ ಬಸ್ಸು ನೋಡಿ. ಶಟರ್ ಎಲ್ಲ ಕೆಳಗೆ. ಗಾಜಿನ ಕಿಟಕಿ ಇದ್ದರೆ ಅದಕ್ಕೆಲ್ಲ ಹಬೆ ಕೂತು ಹೊರಗೆ ಏನೂ ಕಾಣುವುದಿಲ್ಲ. ಆ ಹಬೆ ಎಂಥದು ಹೇಳಿ? ಒಳಗಿರುವವರೆಲ್ಲ ಬಿಟ್ಟ ಉಸಿರೇ ತಾನೇ ಅದು. ಕಾಲ ಕೆಳಗೆ ಒದ್ದೆ ಕೊಡೆಗಳು, ಸೀಟು ಭರ್ತಿ, ಕಾಲೇಜು ಮಕ್ಕಳು ಬ್ಯಾಗು ಎದೆಗೆ ಹಾಕಿಕೊಂಡು ಬಾಗಿಲ ತನಕ ನಿಂತಿರುತ್ತಾರೆ. ಅಲ್ಲಿ ಒಬ್ಬರು ಕೆಮ್ಮುತ್ತಾರೆ. ಬಾಯಿಗೆ ಕೈ ಅಡ್ಡ ಇಡುವುದಿಲ್ಲ, ಯಾಕೆಂದರೆ ಒಂದು ಕೈ ಮೇಲಿನ ಕಂಬಿ ಹಿಡಿದಿದೆ, ಇನ್ನೊಂದರಲ್ಲಿ ಮೊಬೈಲು. ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಒಂದೆರಡು ಮೀಟರ್ ಒಳಗೆ ಬೀಳುತ್ತವೆ, ಪಕ್ಕದವರ ಮುಖದ ಮೇಲೋ ಸೀಟಿನ ಮೇಲೋ. ಕಣ್ಣಿಗೆ ಕಾಣದಷ್ಟು ಸಣ್ಣವು ಬೇಗ ಬೀಳುವುದಿಲ್ಲ, ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಾ ಇರುತ್ತವೆ. ಹಿಂದಿನ ಸೀಟಿನಲ್ಲಿ ಯಾರೋ ಬೀಡಿ ಹಚ್ಚಿದರೆ ಡ್ರೈವರ್ ತನಕ ವಾಸನೆ ಬರುತ್ತದಲ್ಲ, ಇದೂ ಹಾಗೇ ಅಂತ ತಿಳಿಯಿರಿ. ಕಿಟಕಿ ತೆರೆದಿದ್ದರೆ ಹೊಗೆ ಹೋಗುತ್ತದೆ, ಮುಚ್ಚಿದ್ದರೆ ಅಲ್ಲೇ ಸುತ್ತುತ್ತದೆ.

ಈ ಮಾತು ಒಂದು ಸಲ ಕಂಡಕ್ಟರ್ ಹತ್ತಿರ ಆಡಿದೆ. "ಅಣ್ಣಾ, ಆ ಕಡೆದು ಒಂದು, ಈ ಕಡೆದು ಒಂದು ಶಟರ್ ಒಂಚೂರು ಎತ್ತಿಸಿ, ಉಸಿರು ಕಟ್ಟತ್ತೆ" ಅಂದೆ. ಅವರು ಪಾಪ ಒಳ್ಳೆಯವರು. "ಎಂಥ ಮಾಡೋದು ಮೇಡಂ, ಎರಚಲು ಹೊಡೆಯುತ್ತೆ, ಕೂತವರು ನನಗೇ ಬೈತಾರೆ" ಅಂದರು. ಅವರ ಕಷ್ಟವೂ ನಿಜ. ಆದರೆ ಎರಚಲು ಯಾವಾಗಲೂ ಗಾಳಿ ಬೀಸುವ ಕಡೆಯಿಂದ ಹೊಡೆಯುತ್ತದೆ, ಎರಡೂ ಕಡೆಯಿಂದ ಒಟ್ಟಿಗೆ ಹೊಡೆಯುವುದು ಕಡಿಮೆ. ಎರಚಲು ಇಲ್ಲದ ಕಡೆ ಮುಂದಿನ ಒಂದು, ಹಿಂದಿನ ಒಂದು ಶಟರ್ ನಾಲ್ಕು ಬೆರಳಷ್ಟು ಎತ್ತಿದರೂ ಬಸ್ಸು ಓಡುವಾಗ ಗಾಳಿ ಒಳಗೆ ಬಂದು ಹೊರಗೆ ಹೋಗುತ್ತದೆ. ಮಳೆ ನಿಂತಾಗ ಎಲ್ಲ ಶಟರ್ ಎತ್ತಬೇಕು. ಹೊಳವಾದ ಮೇಲೂ ಅರ್ಧ ದಾರಿ ಹಾಗೇ ಮುಚ್ಚಿಕೊಂಡು ಕೂತಿರುತ್ತೇವೆ, ಯಾರಿಗೂ ಎತ್ತಬೇಕು ಅಂತ ಅನಿಸುವುದೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತದಲ್ಲ, ಆಗಲಾದರೂ ಎರಡೂ ಬಾಗಿಲು ತೆರೆದಿಡಲಿ. ಇದಕ್ಕೆ ಯಾವ ಬಜೆಟ್ಟೂ ಬೇಡ. ಬಸ್ ಮಾಲೀಕರು, ಸಾರಿಗೆ ಸಂಸ್ಥೆಯವರು ತಮ್ಮ ಡ್ರೈವರ್, ಕಂಡಕ್ಟರ್‌ಗಳಿಗೆ ಒಂದು ಮಾತು ಹೇಳಿದರೆ ಸಾಕು. ಮಾಲೀಕರೇ ಹೇಳಿದ್ದಾರೆ ಅಂದರೆ ಬೈಯುವವರು ಬೈಯುವುದನ್ನು ಬಿಡುತ್ತಾರೆ.

ಇನ್ನೊಂದು ಸಣ್ಣ ವಿಷಯ. ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು. ನೋಟು ಎಣಿಸುವಾಗ ಬೆರಳನ್ನು ನಾಲಿಗೆಗೆ ತಾಗಿಸುವುದು. ಕಂಡಕ್ಟರ್ ಅಂತಲ್ಲ, ಅಂಗಡಿಯವರು, ಮಂಡಿಯವರು, ದಿನಸಿ ಕಟ್ಟುವಾಗ ಪ್ಲಾಸ್ಟಿಕ್ ಕವರ್ ಬಿಡಿಸುವವರು, ಎಲ್ಲರೂ ಮಾಡುತ್ತಾರೆ. ಹತ್ತು ಜನರ ಕೈ ದಾಟಿ ಬಂದ ನೋಟು ಬೆರಳಿಗೆ, ಬೆರಳು ನಾಲಿಗೆಗೆ, ನಾಲಿಗೆಯದು ಮತ್ತೆ ಬೆರಳಿಂದ ಹನ್ನೊಂದನೆಯವರ ಚಿಲ್ಲರೆಗೆ. ನೋಟು ಕೊಡುವವರಿಗೂ ತೊಂದರೆ, ತೆಗೆದುಕೊಳ್ಳುವವರಿಗೂ ತೊಂದರೆ. ಬ್ಯಾಂಕಿನಲ್ಲಿ ಒದ್ದೆ ಸ್ಪಂಜಿನ ಡಬ್ಬಿ ಇಟ್ಟಿರುತ್ತಾರಲ್ಲ, ಅಂಥದ್ದು ಒಂದು ಗಲ್ಲಾಪೆಟ್ಟಿಗೆ ಪಕ್ಕ ಇಟ್ಟುಕೊಂಡರೆ ಮುಗಿಯಿತು. ನಮ್ಮ ಅಂಗಡಿಯಲ್ಲಿ ಇಟ್ಟಿದ್ದೇವೆ.

ಹಾಗಂತ ಮುಟ್ಟಿದ್ದಕ್ಕೆಲ್ಲ ಹೆದರಿಕೊಂಡು ಓಡಾಡಬೇಕು ಅಂತ ನಾನು ಹೇಳುತ್ತಿಲ್ಲ. ಕೊರೋನಾ ಕಾಲದಲ್ಲಿ ಹಾಲಿನ ಪ್ಯಾಕೆಟ್ಟು, ಸೊಪ್ಪು, ತರಕಾರಿ ಎಲ್ಲ ತೊಳೆದು ಸುಸ್ತಾದವರು ನಾವು. ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್ಕಿನಂಥ ನುಣುಪಾದ ಜಾಗದಲ್ಲಿ 24ರಿಂದ 48 ಗಂಟೆ ಬದುಕಿರಬಹುದು, ಬಟ್ಟೆ, ಕಾಗದದ ಮೇಲೆ ಅದಕ್ಕಿಂತ ಬಹಳ ಕಡಿಮೆ, ನಮ್ಮ ಕೈಮೇಲೆ ಕೆಲವೇ ನಿಮಿಷ. ಬಸ್ಸಿನ ಕಂಬಿ ಹಿಡಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಅದೇ ಕೈಯಲ್ಲಿ ಕಣ್ಣು ಉಜ್ಜಿದರೆ, ಮೂಗು ಒರೆಸಿದರೆ, ಬಾಯಿಗೆ ಕಡಲೆಕಾಯಿ ಹಾಕಿಕೊಂಡರೆ ಬರುತ್ತದೆ. ನಾವು ಗಮನ ಇಲ್ಲದೆ ಮುಖ ಮುಟ್ಟಿಕೊಳ್ಳುವುದು ಬಹಳ. ಒಂದು ಅಧ್ಯಯನದಲ್ಲಿ ಮೆಡಿಕಲ್ ಓದುವ ಮಕ್ಕಳೇ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಮುಟ್ಟಿಕೊಂಡಿದ್ದರಂತೆ, ಇನ್ನು ನಮ್ಮದೇನು. ಹಾಗಾಗಿ ಕಂಬಿ ಧೈರ್ಯವಾಗಿ ಹಿಡಿಯಿರಿ, ಇಲ್ಲದಿದ್ದರೆ ಘಾಟಿ ತಿರುವಿನಲ್ಲಿ ಬೀಳುತ್ತೀರಿ. ಇಳಿದು ಕೈ ತೊಳೆಯುವ ತನಕ ಮುಖಕ್ಕೆ ಕೈ ಹಾಕಬೇಡಿ, ಅಷ್ಟೇ.

ಆದರೆ ಇಳಿದ ಮೇಲೆ ಕೈ ತೊಳೆಯುವುದು ಎಲ್ಲಿ? ನಮ್ಮ ಸೀಮೆಯ ಹೆಚ್ಚಿನ ಬಸ್‌ಸ್ಟ್ಯಾಂಡುಗಳಲ್ಲಿ ಕುಡಿಯುವ ನೀರಿನ ನಲ್ಲಿ ಇರುತ್ತದೆ, ಪಕ್ಕದಲ್ಲಿ ಸೋಪು ಇರುವುದಿಲ್ಲ. ಶೌಚಾಲಯಕ್ಕೆ ದುಡ್ಡು ಕೊಟ್ಟು ಹೋದರೂ ಅಲ್ಲಿ ಸೋಪು ಇದ್ದರೆ ಪುಣ್ಯ. ಹಿಂದೆ ಹಳ್ಳಿ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಹಂಡೆ ತುಂಬಾ ನೀರು, ಮೇಲೊಂದು ಚೊಂಬು ಇಟ್ಟಿರುತ್ತಿದ್ದರು, ಕೈಕಾಲು ತೊಳೆಯದೆ ಜಗಲಿ ಹತ್ತುವಂತಿರಲಿಲ್ಲ. ಈಗಲೂ ಎಷ್ಟೋ ಮನೆಯಲ್ಲಿ ಹಾಗೇ ಇದೆ. ಮನೆಯಲ್ಲಿ ಅಷ್ಟು ಶಿಸ್ತು ಇರುವ ನಾವು ಪೇಟೆಗೆ ಬಂದ ಕೂಡಲೇ ಬಸ್ಸಿಳಿದ ಕೈಯಲ್ಲೇ ಮಂಡಕ್ಕಿ ತಿನ್ನುತ್ತೇವೆ. ಒಂದು ಮಾತು ಇಲ್ಲಿ ಸೇರಿಸಬೇಕು, ಬರೀ ನೀರು ಹಾಕಿಕೊಂಡರೆ ಸಾಲದು. ಫ್ಲೂ ವೈರಸ್ಸಿಗೆ ಹೊರಗೆ ಒಂದು ಕೊಬ್ಬಿನ ಪದರ ಇರುತ್ತದೆ, ಸೋಪು ಆ ಪದರವನ್ನೇ ಒಡೆದು ಹಾಕುತ್ತದೆ. ಇಪ್ಪತ್ತು ಸೆಕೆಂಡ್ ಉಜ್ಜಬೇಕು. ಬೆರಳ ಸಂದು, ಹೆಬ್ಬೆರಳ ಸುತ್ತ, ಉಗುರಿನ ತುದಿ, ಇಷ್ಟನ್ನೂ. ನಮ್ಮಲ್ಲಿ ಹೆಬ್ಬೆರಳು ತೊಳೆಯುವವರೇ ಕಡಿಮೆ, ನೋಡಿ ಬೇಕಾದರೆ.

ಸ್ಯಾನಿಟೈಸರ್ ಬಗ್ಗೆ ದಿನಾ ಕೇಳುತ್ತಾರೆ. ಸೋಪು, ನೀರು ಸಿಗದ ಕಡೆ ಅದು ಒಳ್ಳೆಯದು. ಬಾಟಲಿ ಮೇಲೆ ಆಲ್ಕೋಹಾಲ್ 60 ಪರ್ಸೆಂಟಿಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಬೇಡಿ. ಕೈಯಲ್ಲಿ ಮಣ್ಣು, ಎಣ್ಣೆ ಇದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ತೋಟದಿಂದ ಬಂದವರಿಗೆ ಸೋಪೇ ಬೇಕು. ವಾಂತಿ ಭೇದಿ ತರುವ ನೊರೋವೈರಸ್ಸಿಗೂ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ. ಹತ್ತು ರೂಪಾಯಿಯ ಸೋಪು ಇವೆಲ್ಲದಕ್ಕೂ ಆಗುತ್ತದೆ.

ಹೋಟೆಲಿನವರಿಗೆ ಎರಡು ಮಾತು. ಸಪ್ಲೈಯರ್ ಹುಡುಗರು ಒಂದೇ ಕೈಯಲ್ಲಿ ನಾಲ್ಕು ಲೋಟ ನೀರು ತರುತ್ತಾರೆ, ನಾಲ್ಕು ಬೆರಳು ನಾಲ್ಕು ಲೋಟದ ಒಳಗೆ ಇಳಿಬಿಟ್ಟು. ನೀರು ಬಿಸಿ ಇರಲಿ ತಣ್ಣಗಿರಲಿ, ನಾವು ಕುಡಿಯುವುದು ಆ ಬೆರಳು ಅದ್ದಿದ ನೀರು. ಅದೇ ಹುಡುಗ ಅದಕ್ಕೆ ಮುಂಚೆ ಟೇಬಲ್ ಒರೆಸಿರುತ್ತಾನೆ. ತಪ್ಪು ಅವನದಲ್ಲ, ಅವನಿಗೆ ಒಂದು ಟ್ರೇ ಕೊಡದವರದು. ಇನ್ನೊಂದು, ಕೈ ತೊಳೆಯುವ ಬೇಸಿನ್ ಪಕ್ಕ ತೂಗುಹಾಕಿದ ಟವೆಲ್. ಬೆಳಿಗ್ಗೆ ಇಡ್ಲಿ ತಿಂದವರಿಂದ ರಾತ್ರಿ ಊಟ ಮಾಡಿದವರ ತನಕ ಎಲ್ಲರೂ ಅದರಲ್ಲೇ ಕೈ ಒರೆಸಿ, ಬಾಯಿ ಒರೆಸಿ, ಕೆಲವರು ಮೂಗನ್ನೂ ಒರೆಸಿ ಹೋಗಿರುತ್ತಾರೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ದಯವಿಟ್ಟು ತೆಗೆದುಬಿಡಿ. ಕೈ ಒದ್ದೆ ಇದ್ದರೆ ನಮ್ಮ ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತೇವೆ.

ಮದುವೆ ಮನೆ, ಗೃಹಪ್ರವೇಶ, ಜಾತ್ರೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಗಲೇಬೇಕು, ಹೋಗುತ್ತೇವೆ. ಕೈ ಕುಲುಕುವ ಬದಲು ನಮಸ್ಕಾರ ಮಾಡುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಶೀತ ಆದವರು ಎಳೆ ಮಗುವನ್ನು ಎತ್ತಿಕೊಂಡು ಮುತ್ತು ಕೊಡಬೇಡಿ, ಅದೊಂದು ದೊಡ್ಡ ಉಪಕಾರ. ತಾಯಿ ಬೇಡ ಅಂದರೆ ಸೊಕ್ಕು ಅಂತ ತಿಳಿಯಬೇಡಿ. ಬಡಿಸುವವರಿಗೆ ಕೆಮ್ಮು ಇದ್ದರೆ ಆ ದಿನ ಬೇರೆಯವರು ಬಡಿಸಲಿ.

ಶಾಲೆಯ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ಮಕ್ಕಳು ಫ್ಲೂ ವೈರಸ್ಸನ್ನು ದೊಡ್ಡವರಿಗಿಂತ ಹೆಚ್ಚು ದಿನ ಹೊರಗೆ ಬಿಡುತ್ತಾರೆ. ದೊಡ್ಡವರು ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದಲೇ ಹರಡಲು ಶುರು ಮಾಡುತ್ತಾರೆ, ಆಮೇಲೆ ಐದರಿಂದ ಏಳು ದಿನ. ಮೊದಲ ಮೂರು ನಾಲ್ಕು ದಿನ ಎಲ್ಲಕ್ಕಿಂತ ಜಾಸ್ತಿ. ಅಂದರೆ ಮಗುವಿಗೆ ಮೈ ಸುಡುತ್ತಿರುವ ದಿನ ಶಾಲೆಗೆ ಕಳಿಸಿದರೆ ಬೆಂಚಿನ ಎಲ್ಲರಿಗೂ ಹಂಚಿದ ಹಾಗೆ. ಆದರೂ ಕಳಿಸುತ್ತಾರೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಜ್ವರ ಇಳಿಸಿ ಬಸ್ಸು ಹತ್ತಿಸುತ್ತಾರೆ. ಮಧ್ಯಾಹ್ನ ಔಷಧಿ ಇಳಿದ ಮೇಲೆ ಮಗು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತದೆ, ಸಂಜೆ ತಾಯಿ ಮತ್ತೆ ನಮ್ಮ ಅಂಗಡಿಗೆ ಬರುತ್ತಾಳೆ. ಯಾಕಮ್ಮಾ ಕಳಿಸಿದೆ ಅಂತ ಕೇಳಿದರೆ "ಟೆಸ್ಟ್ ಇತ್ತಕ್ಕಾ, ಬಿಟ್ರೆ ಮಾರ್ಕ್ಸ್ ಕೊಡಲ್ವಂತೆ" ಅನ್ನುತ್ತಾಳೆ. ಇನ್ನೊಬ್ಬಳು "ನಾನು ತೋಟದ ಕೆಲಸಕ್ಕೆ ಹೋಗ್ಬೇಕು, ಮನೇಲಿ ಯಾರಿದಾರೆ ನೋಡ್ಕಳಕ್ಕೆ" ಅನ್ನುತ್ತಾಳೆ. ಇಬ್ಬರಿಗೂ ನಾನು ಏನು ಹೇಳಲಿ?

ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟು. ಜ್ವರದಿಂದ ತಪ್ಪಿದ ಟೆಸ್ಟನ್ನು ಮುಂದಿನ ವಾರ ಬರೆಸಿ. ವರ್ಷಪೂರ್ತಿ ಒಂದು ದಿನವೂ ತಪ್ಪದೆ ಬಂದ ಮಗುವಿಗೆ ಬಹುಮಾನ ಕೊಡುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲಿ ನಿಲ್ಲಿಸಿ, ಅದು ಜ್ವರ ಬಂದ ಮಗುವನ್ನೂ ಶಾಲೆಗೆ ಎಳೆದು ತರುತ್ತದೆ. ಔಷಧಿ ಹಾಕದೆ 24 ಗಂಟೆ ಜ್ವರ ಬರದೆ ಇದ್ದರೆ ಮಾತ್ರ ಮಗು ವಾಪಸ್ ಬರಲಿ ಅಂತ ಪೋಷಕರ ಸಭೆಯಲ್ಲಿ ಹೇಳಿ. ಕ್ಲಾಸಿನ ಕಿಟಕಿ ಎರಡು ಕಡೆ ಇದ್ದರೆ ಮಳೆ ಬೀಳದ ಕಡೆಯದು ತೆರೆದಿರಲಿ, ಚಳಿಗೆ ಮಕ್ಕಳು ಸ್ವೆಟರ್ ಹಾಕಿಕೊಳ್ಳುತ್ತಾರೆ. ಬಿಸಿಯೂಟಕ್ಕೆ ಮುಂಚೆ ನೂರಾರು ಮಕ್ಕಳು ಒಂದೆರಡು ನಲ್ಲಿಗೆ ಮುತ್ತಿಕೊಂಡರೆ ಯಾರೂ ಇಪ್ಪತ್ತು ಸೆಕೆಂಡ್ ಉಜ್ಜುವುದಿಲ್ಲ. ಒಂದು ಉದ್ದನೆ ಪೈಪಿಗೆ ಸಾಲಾಗಿ ನಲ್ಲಿ ಹಾಕಿಸಿ, ಹಳೇ ನೀರಿನ ಬಾಟಲಿಯಲ್ಲಿ ಸೋಪಿನ ನೀರು ಮಾಡಿ ಮುಚ್ಚಳಕ್ಕೆ ತೂತು ಕೊರೆದು ಇಟ್ಟರೂ ನಡೆಯುತ್ತದೆ. ಸೋಪಿನ ಬಿಲ್ಲೆ ಕಳುವಾಗುತ್ತದೆ ಅನ್ನುವ ದೂರು ಅದರಿಂದ ತಪ್ಪುತ್ತದೆ. ಊರಿನ ದಾನಿಗಳು ಶಾಲೆಗೆ ಗೋಡೆ ಗಡಿಯಾರ ಕೊಡುವ ಬದಲು ಇದನ್ನು ಮಾಡಿಸಿಕೊಡಲಿ.

ಜಾಗಗಳಲ್ಲೆಲ್ಲ ಕೆಟ್ಟದ್ದು ಯಾವುದು ಗೊತ್ತಾ? ಕ್ಲಿನಿಕ್ಕಿನ ಕಾಯುವ ಕೋಣೆ. ಕಾಯಿಲೆಯವರೇ ಸೇರುವ ಜಾಗ ಅದು. ಒಂದು ಕಡೆ ನೋಡಿದ್ದು ಹೇಳುತ್ತೇನೆ, ಹೆಸರು ಬೇಡ. ಸಣ್ಣ ಕೋಣೆ, ಫ್ಯಾನಿಲ್ಲ, ಕಿಟಕಿಗೆ ಕರ್ಟನ್ ಎಳೆದಿದೆ. ಒಂದು ಬೆಂಚಿನಲ್ಲಿ ಕೆಮ್ಮುವ ಅಜ್ಜ, ಅವರ ಪಕ್ಕ ತಿಂಗಳು ತುಂಬಿದ ಬಸುರಿ ತಪಾಸಣೆಗೆ ಬಂದಿದ್ದಾಳೆ, ಆ ಕಡೆ ಲಸಿಕೆ ಹಾಕಿಸಲು ತಂದ ಮೂರು ತಿಂಗಳ ಮಗು. ಅಜ್ಜನಿಗೆ ಏನೂ ಆಗದಿರಬಹುದು, ಆ ಇಬ್ಬರಿಗೆ ತಾಗಿದರೆ? ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಇವರಿಗೆ ಫ್ಲೂ ನ್ಯುಮೋನಿಯಾ ತನಕ ಹೋಗಬಹುದು. 2023ರ ಮಾರ್ಚಿನಲ್ಲಿ ಎಚ್3ಎನ್2 ಅನ್ನುವ ಫ್ಲೂ ಜೋರಾದಾಗ ಹಾಸನ ಜಿಲ್ಲೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು, ಅದನ್ನು ನಿಮ್ಮಂಥ ಪತ್ರಿಕೆಗಳೇ ಬರೆದಿದ್ದವು. ಮಾಮೂಲಿ ಜ್ವರ ಬಿಡಿ ಅಂತ ತಳ್ಳಿಹಾಕುವ ಕಾಯಿಲೆ ಇದಲ್ಲ. ಡಾಕ್ಟರುಗಳು ಮನಸ್ಸು ಮಾಡಿದರೆ ಹೊರಗೆ ಶೀಟಿನ ಮಾಡಿನ ಕೆಳಗೆ ಒಂದು ಬೆಂಚು ಹಾಕಬಹುದು, ಕೆಮ್ಮು ಜ್ವರದವರು ಅಲ್ಲಿ ಕೂತು ಸರದಿ ಬಂದಾಗ ಒಳಗೆ ಹೋದರಾಯಿತು. ಚೀಟಿ ಬರೆಯುವವರ ಹತ್ತಿರ ಮಾಸ್ಕಿನ ಡಬ್ಬಿ ಇರಲಿ, ಕೆಮ್ಮುತ್ತಾ ಬಂದವರಿಗೆ ಒಂದು ಕೊಡಲಿ. ಲಸಿಕೆಗೆ ಬರುವ ಮಕ್ಕಳಿಗೆ ಬೇರೆ ಹೊತ್ತು ಇಟ್ಟರಂತೂ ಬಹಳ ಒಳ್ಳೆಯದು.

ಮಾಸ್ಕ್ ಅಂದ ಕೂಡಲೇ ಜನ ಮುಖ ಸಿಂಡರಿಸುತ್ತಾರೆ. ಬಸ್ಸಿನಲ್ಲಿ ಹಾಕಿಕೊಂಡರೆ "ಏನು, ಮತ್ತೆ ಕೊರೋನಾನಾ?" ಅಂತ ಕೇಳುತ್ತಾರೆ, ಪಕ್ಕದ ಸೀಟಿನವರು ಸರಿದು ಕೂರುತ್ತಾರೆ. ಹಾಗೆ ಮಾಡಬೇಡಿ. ಮಾಸ್ಕ್ ಹಾಕಿದವರು ತಮ್ಮ ಕೆಮ್ಮನ್ನು ತಮ್ಮಲ್ಲೇ ಇಟ್ಟುಕೊಂಡು ನಿಮಗೆ ಒಳ್ಳೆಯದು ಮಾಡುತ್ತಿದ್ದಾರೆ. ದಿನಾ ಹಾಕಿ ಅನ್ನುವುದಿಲ್ಲ. ಶೀತ ಆಗಿದ್ದೂ ಹೊರಗೆ ಹೋಗಲೇಬೇಕಾದಾಗ, ಆಸ್ಪತ್ರೆಗೆ ಹೋದಾಗ, ಮಳೆಗಾಲದ ರಶ್ ಬಸ್ಸಿನಲ್ಲಿ, ಮನೆಯಲ್ಲಿ ವಯಸ್ಸಾದವರು ಇದ್ದರೆ, ಇಷ್ಟು ಹೊತ್ತಿಗೆ ಹಾಕಿಕೊಳ್ಳಿ. ಮೂಗು ಮುಚ್ಚುವ ಹಾಗೆ. ಮಾಸ್ಕ್ ಇಲ್ಲದಿದ್ದರೆ ಕೆಮ್ಮು ಬಂದಾಗ ಮೊಣಕೈ ಮಡಚಿ ಅದರೊಳಗೆ ಕೆಮ್ಮಿ, ಇಲ್ಲವೇ ಸೆರಗು, ಶಾಲು, ಟವೆಲ್ ಅಡ್ಡ ಹಿಡಿಯಿರಿ. ಅಂಗೈಗೆ ಕೆಮ್ಮಿ ಅದೇ ಕೈಯಲ್ಲಿ ಕಂಬಿ ಹಿಡಿಯುವುದು ಬೇಡ. ಕವಳ ಹಾಕಿ ಕಿಟಕಿಯಿಂದ ಉಗುಳುವವರಿಗೆ ಎಷ್ಟು ಹೇಳಿದರೂ ಅಷ್ಟೇ, ಹಿಂದಿನ ಕಿಟಕಿಯಲ್ಲಿ ಮಗು ಕೂತಿರುತ್ತದೆ ಅನ್ನುವುದನ್ನಾದರೂ ನೆನಪಿಡಿ.

ಇಲ್ಲಿ ಒಂದು ಮುಖ್ಯ ಮಾತು ಹೇಳಲೇಬೇಕು, ನಮ್ಮ ಮಲೆನಾಡಿಗೆ ಇದು ಬೇರೆ ಊರಿಗಿಂತ ಹೆಚ್ಚು ಬೇಕು. ಬಂದ ಜ್ವರವೆಲ್ಲ ಫ್ಲೂ ಅಲ್ಲ. 1957ರಲ್ಲಿ ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ಅದು ಕೆಮ್ಮಿನಿಂದ, ಪಕ್ಕ ಕೂತಿದ್ದರಿಂದ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆ ಕಾಯಿಲೆಯವರನ್ನು ದೂರ ಇಡಬೇಕಾಗಿಲ್ಲ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಬರುತ್ತದೆ, ಅಂದರೆ ಚಳಿಗಾಲದ ಫ್ಲೂ ಬರುವ ಹೊತ್ತಿಗೇ. ಸೊಪ್ಪು, ದರಗು, ಸೌದೆ ಅಂತ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಶೀತದ ಮಾತ್ರೆ ನುಂಗಿ ಕಾಯಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಕೂಡ ಇವೆ. ಮೂಗು ಸುರಿಯದೆ, ಕೆಮ್ಮಿಲ್ಲದೆ ಬರೀ ಜ್ವರ ಇದ್ದರೆ ಅನುಮಾನ ಪಡಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಮೆಡಿಕಲ್ ಶಾಪಿನವಳಾಗಿ ಇನ್ನೊಂದು. ಶೀತಕ್ಕೆ "ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ" ಅಂತ ಕೇಳಬೇಡಿ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ವೈರಸ್ಸಿಗೆ ಏನೂ ಮಾಡುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ನಾವು ಕೊಡುವಂತೆಯೂ ಇಲ್ಲ. ಇಲ್ಲ ಅಂದಾಗ ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಬೇಜಾರಾಗುತ್ತದೆ. ದೊಡ್ಡವರಿಗೆ ತಂದ ಕೆಮ್ಮಿನ ಸಿರಪ್ಪನ್ನು ಅರ್ಧ ಮಾಡಿ ಸಣ್ಣ ಮಕ್ಕಳಿಗೆ ಕುಡಿಸಬೇಡಿ. ಕಾಳುಮೆಣಸಿನ ಕಷಾಯ ಕುಡಿಯಿರಿ, ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಆದರೆ ಕಷಾಯ ಕುಡಿದಿದ್ದೇನೆ ಅಂತ ಜ್ವರ ಇಟ್ಟುಕೊಂಡು ಸಂತೆಗೆ ಹೋಗಬೇಡಿ, ಅದು ನಿಮ್ಮಿಂದ ಇನ್ನೊಬ್ಬರಿಗೆ ಹರಡುವುದನ್ನು ತಡೆಯುವುದಿಲ್ಲ. ಉಸಿರಾಡಲು ಕಷ್ಟ ಆದರೆ, ತುಟಿ ನೀಲಿಯಾದರೆ, ಮಗು ಹಾಲು ನೀರು ಬಿಟ್ಟರೆ, ಒಮ್ಮೆ ಇಳಿದ ಜ್ವರ ಮತ್ತೆ ಏರಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಅಪಾಯ ಜಾಸ್ತಿ ಇರುವವರಿಗೆ ಡಾಕ್ಟರು ಕೊಡುವ ಫ್ಲೂ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಕೆಲಸ ಮಾಡುತ್ತದೆ.

ಫ್ಲೂ ಲಸಿಕೆ ಅಂತ ಒಂದಿದೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ವೈರಸ್ ವೇಷ ಬದಲಿಸುತ್ತಾ ಇರುವುದರಿಂದ ವರ್ಷಕ್ಕೊಂದು ಸಲ ಹಾಕಿಸಬೇಕು, ಹಾಕಿಸಿದ ಮೇಲೆ ಶಕ್ತಿ ಬರಲು ಎರಡು ವಾರ ಬೇಕು. ಅದಕ್ಕೇ ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಒಳಗೆ ಹಾಕಿಸಿಕೊಂಡರೆ ನಮಗೆ ಸರಿ. ಈಗ ಇದು ಸರ್ಕಾರದ ಸಾಮಾನ್ಯ ಲಸಿಕೆ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು, ಕೂಲಿ ಮಾಡುವವರಿಗೆ ಆ ಬೆಲೆ ಎಟುಕುವುದಿಲ್ಲ. ಬಸುರಿಯರಿಗೆ, ವಯಸ್ಸಾದವರಿಗಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡಿ ಅಂತ ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಲಿ. ಅಡಿಕೆ ಬೆಲೆ ಬಗ್ಗೆ ಕೇಳುತ್ತಾರಲ್ಲ, ಇದನ್ನೂ ಕೇಳಲಿ.

ಕೊನೆಗೆ ಕೆಲಸ ಕೊಡುವವರ ಹತ್ತಿರ ಒಂದು ಮಾತು. ಅಡಿಕೆ ಸುಲಿಯುವ ದಿನಗಳಲ್ಲಿ ನೋಡಿ. ರಾತ್ರಿ ತನಕ ಹೆಂಗಸರು ಮಣೆ ಹಾಕಿಕೊಂಡು ಹತ್ತಿರ ಹತ್ತಿರ ಕೂತಿರುತ್ತಾರೆ, ಚಳಿಗೆ ಸುತ್ತ ಟಾರ್ಪಾಲು ಇಳಿಬಿಟ್ಟಿರುತ್ತದೆ. ಒಬ್ಬಳಿಗೆ ಜ್ವರ ಇದ್ದರೂ ಬಂದು ಕೂರುತ್ತಾಳೆ, ಸುಲಿದಷ್ಟಕ್ಕೇ ದುಡ್ಡು. ಅವಳಿಗೆ ಮನೆಯಲ್ಲಿ ಮಲಗು ಅಂತ ಹೇಳುವುದು ನಮಗೆ ಸುಲಭ. ಎರಡು ದಿನದ ಕೂಲಿ ಕೊಟ್ಟು ಮಲಗಿಸಿದರೆ ಆ ಮನೆಯ ಸುಲಿಯುವ ಕೆಲಸವೇ ನಿಲ್ಲದೆ ಉಳಿಯುತ್ತದೆ, ಇಲ್ಲದಿದ್ದರೆ ವಾರದೊಳಗೆ ಅರ್ಧ ಜನ ಮಲಗಿರುತ್ತಾರೆ. ಅಂಗಡಿ, ಹೋಟೆಲು, ಗಾರ್ಮೆಂಟ್ಸ್ ಎಲ್ಲ ಕಡೆ ಇದೇ ಲೆಕ್ಕ. ಜ್ವರಕ್ಕೆ ರಜೆ ಕೇಳಿದರೆ ನಾಟಕ ಅಂತ ನೋಡುವ ಮಾಲೀಕರು ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ ಇದೆ. ಈ ಸಲ ಆಸ್ಪತ್ರೆ ಸಾಲಿನ ಫೋಟೋ ಬೇಡ. ನಿಮ್ಮ ವರದಿಗಾರರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರ, ಭದ್ರಾವತಿ, ಏಳೂ ಕಡೆಯ ಬಸ್‌ಸ್ಟ್ಯಾಂಡಿಗೆ ಒಂದು ದಿನ ಹೋಗಿ ಬರಲಿ. ನಲ್ಲಿ ಇದೆಯಾ, ನೀರು ಬರುತ್ತಾ, ಸೋಪು ಇದೆಯಾ ಅಂತ ನೋಡಿ ಊರಿನ ಹೆಸರು ಹಾಕಿ ಬರೆಯಲಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಲಿ.

ಇಂತಿ,
ಆಯನೂರು ಕಡೆಯ ಒಬ್ಬ ಓದುಗಿ
ಶಿವಮೊಗ್ಗ ಜಿಲ್ಲೆ